ಪಿಕಪ್‌ನ ಎಡ ಮುಂಚಕ್ರದ ಬ್ರೇಕ್ ಡಿಸ್ಕ್ ತುಕ್ಕು ಹಿಡಿದು ಹಬ್‌ಗೆ ಕಚ್ಚಿಕೊಂಡಿದೆ: ಬಿಚ್ಚುವುದು ಹೇಗೆ?

ಪ್ರಶ್ನೆ (ಕೆಂಗೇರಿಯಿಂದ, ಭಾನುವಾರ ರಾತ್ರಿ)

ನಮಸ್ಕಾರ. ನನ್ನ ಬಳಿ ಎಂಟು ವರ್ಷ ಹಳೆಯ ಡೀಸೆಲ್ ಪಿಕಪ್ ಇದೆ. ಎರಡು ವರ್ಷದ ಹಿಂದೆ ಕೊಂಡಾಗ ಅದು ಕೆಎ 20, ಅಂದರೆ ಉಡುಪಿಯ ನೋಂದಣಿಯ ಗಾಡಿಯಾಗಿತ್ತು. ಮೊದಲಿನ ಮಾಲೀಕರು ಮಲ್ಪೆ ಬಂದರಿನಿಂದ ಮೀನಿನ ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದರಂತೆ. ನಾನು ಹೇರುವುದು ನರ್ಸರಿ ಗಿಡ ಮತ್ತು ಗೊಬ್ಬರದ ಚೀಲಗಳನ್ನು ಮಾತ್ರ. ಸಣ್ಣಪುಟ್ಟ ರಿಪೇರಿಗಳನ್ನು ಭಾನುವಾರ ಮನೆಯ ಮುಂದೆಯೇ ಮಾಡಿಕೊಳ್ಳುವ ಹವ್ಯಾಸ ನನ್ನದು.

ಕೆಲವು ತಿಂಗಳಿಂದ ಮೈಸೂರು ರಸ್ತೆಯಲ್ಲಿ ಸ್ವಲ್ಪ ವೇಗದಲ್ಲಿದ್ದಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಿತ್ತು, ಪೆಡಲ್ ಕೂಡ ಕಾಲಡಿಯಲ್ಲಿ ಮಿಡಿಯುತ್ತಿತ್ತು. ಪ್ಯಾಡ್ ಉಜ್ಜುವ ಭಾಗದ ದಪ್ಪವನ್ನು ಅಳೆದು ನೋಡಿದರೆ, ಡಿಸ್ಕಿನ ಮೇಲೆಯೇ ಅಚ್ಚೊತ್ತಿರುವ ಕನಿಷ್ಠ ಮಿತಿಗಿಂತಲೂ ಕಡಿಮೆಯಾಗಿತ್ತು. ಹೀಗಾಗಿ ಜೆ.ಸಿ. ರಸ್ತೆಗೆ ಹೋಗಿ ಎರಡೂ ಮುಂಚಕ್ರಗಳಿಗೆ ಹೊಸ ಡಿಸ್ಕ್ ಮತ್ತು ಪ್ಯಾಡ್ ತಂದೆ. ಬಲಗಡೆಯ ಹಳೆಯ ಡಿಸ್ಕ್ ಮರದ ಸುತ್ತಿಗೆಯ ಎರಡು ಏಟಿಗೇ ಕೈಗೆ ಬಂದಿತು. ಹೊಸದನ್ನು ಕೂರಿಸಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದೆ. ಎಡಗಡೆಯದು ಮಾತ್ರ ಜಪ್ಪಯ್ಯ ಎಂದರೂ ಬರುತ್ತಿಲ್ಲ. ಚಕ್ರ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ಕ್ಯಾಲಿಪರ್ ಬ್ರಾಕೆಟ್ ಎಲ್ಲವನ್ನೂ ಬಿಚ್ಚಿ, ಎರಡು ದಿನ ಡಬ್ಲ್ಯೂಡಿ-40 ಸಿಂಪಡಿಸಿ, ಕೊನೆಗೆ ಎರಡು ಕಿಲೋ ಸುತ್ತಿಗೆಯಿಂದ ಡಿಸ್ಕಿನ ಅಂಚಿಗೆ ಸುತ್ತಲೂ ಹೊಡೆದೆ. ಪ್ರತಿ ಏಟಿಗೂ ಒಣಗಿದ ತೊಗಟೆಯಂತೆ ತುಕ್ಕಿನ ಚಕ್ಕೆಗಳು ಉದುರುತ್ತವೆ, ಡಿಸ್ಕ್ ಕೂದಲೆಳೆಯಷ್ಟೂ ಕದಲುವುದಿಲ್ಲ. ಗುರುವಾರ ಗಾಡಿ ಬೇಕೇಬೇಕು. ದಯವಿಟ್ಟು ದಾರಿ ತೋರಿಸಿ.

ಉತ್ತರ (ಯಶವಂತಪುರದಿಂದ)

ಗ್ಯಾಸ್ ಟಾರ್ಚಿನಿಂದ ಚೆನ್ನಾಗಿ ಕಾಯಿಸಿ ಹೊಡೆಯಿರಿ, ಬಂದೇ ಬರುತ್ತದೆ. ಟಾರ್ಚ್ ಇಲ್ಲದಿದ್ದರೆ ಚಕ್ರ ಹಾಕಿ, ವೀಲ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಬಿಟ್ಟು, ಗಾಡಿಯನ್ನು ಬೀದಿಯಲ್ಲಿ ಹಿಂದೆ ಮುಂದೆ ಓಡಿಸಿ ಬ್ರೇಕ್ ಒತ್ತಿ. ನಮ್ಮ ಕಡೆ ಹಾಗೆಯೇ ಬಿಡಿಸುತ್ತಾರೆ.

ಉತ್ತರ (ಪೀಣ್ಯದಿಂದ)

ಮೊದಲು ಸುತ್ತಿಗೆಯನ್ನು ಕೆಳಗಿಡಿ. ಅಂಚಿಗೆ ಹೊಡೆದ ಪ್ರತಿ ಏಟೂ ಹಬ್‌ನ (ಡಿಸ್ಕ್ ಮತ್ತು ಚಕ್ರ ಕೂರುವ ನಡುಭಾಗದ) ಮೂಲಕ ಬೇರಿಂಗ್‌ಗೆ ಹೋಗುತ್ತದೆ. ಅದರೊಳಗಿನ ಉಕ್ಕಿನ ಗುಂಡುಗಳು ತಾವು ಉರುಳುವ ದಾರಿಯಲ್ಲೇ ಸಣ್ಣ ಸಣ್ಣ ಕುಳಿಗಳನ್ನು ಮೂಡಿಸುತ್ತವೆ, ಆಮೇಲೆ ಗಾಡಿ ಓಡುವಾಗ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ನಟ್ಟು ಸಡಿಲ ಬಿಟ್ಟು ಓಡಿಸುವ ಸಲಹೆಯನ್ನು ಖಂಡಿತ ಪಾಲಿಸಬೇಡಿ. ವೀಲ್ ನಟ್ಟುಗಳು ಕೂರುವ ಸ್ಟಡ್‌ಗಳು ಬಾಗುವ, ಚಕ್ರವೇ ಕಳಚುವ ಅಪಾಯವಿರುವ ಕೆಲಸವದು, ಅದರಲ್ಲೂ ಮಕ್ಕಳು ಓಡಾಡುವ ಬೀದಿಯಲ್ಲಿ ಅದನ್ನು ಯೋಚಿಸಲೇಬಾರದು.

ಡಿಸ್ಕ್ ಬರುತ್ತಿಲ್ಲವೆಂದರೆ ಅದನ್ನು ಏನೋ ಒಂದು ಹಿಡಿದುಕೊಂಡಿದೆ ಎಂದರ್ಥ, ಆ ಹಿಡಿದುಕೊಂಡಿರುವುದು ತುಕ್ಕೇ ಆಗಿರಬೇಕೆಂದೇನೂ ಇಲ್ಲ. ಪಿಕಪ್‌ಗಳಲ್ಲಿ ಎರಡು ಬಗೆಯ ಜೋಡಣೆಯಿದೆ. ಒಂದರಲ್ಲಿ ಡಿಸ್ಕ್ ಟೋಪಿಯಂತೆ ಹೊರಗಿನಿಂದ ಹಬ್ ಮೇಲೆ ಕೂರುತ್ತದೆ; ಅದನ್ನು ಬಿಗಿಯಾಗಿ ಹಿಡಿಯುವುದು ವೀಲ್ ನಟ್ಟುಗಳು. ಇನ್ನೊಂದರಲ್ಲಿ, ಮುಖ್ಯವಾಗಿ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ, ಡಿಸ್ಕನ್ನು ಹಬ್‌ನ ಹಿಂಬದಿಯಿಂದ ಬೋಲ್ಟು ಹಾಕಿ ಕೂರಿಸಿರುತ್ತಾರೆ. ಅಲ್ಲಿ ಬೇರಿಂಗ್ ಸಮೇತ ಹಬ್ಬನ್ನೇ ಹೊರತೆಗೆಯದೆ ನೂರು ಏಟು ಹೊಡೆದರೂ ಪ್ರಯೋಜನವಿಲ್ಲ. ನಿಮ್ಮ ಬಲಗಡೆಯದು ಹೊರಗಿನಿಂದಲೇ ಬಂದಿದೆಯಾದ್ದರಿಂದ ನಿಮ್ಮದು ಮೊದಲನೆಯ ಬಗೆ, ಅಷ್ಟರಮಟ್ಟಿಗೆ ಚಿಂತೆಯಿಲ್ಲ.

ಈಗ ನನಗೆ ಮೂರು ವಿಷಯ ತಿಳಿಸಿ. ಸ್ಟಡ್‌ಗಳ ನಡುವೆ, ಟೋಪಿಯ ಚಪ್ಪಟೆ ಮುಖದಲ್ಲಿ, ವೈರ್ ಬ್ರಷ್ಷಿನಿಂದ ಬರಿಯ ಲೋಹ ಕಾಣುವವರೆಗೂ ಉಜ್ಜಿದರೆ ಎಲ್ಲಾದರೂ ತಗ್ಗಾದ ಸ್ಕ್ರೂ ತಲೆ ಕಾಣುತ್ತದೆಯೇ? ಅದೇ ಮುಖದಲ್ಲಿ ಒಳಗೆ ಥ್ರೆಡ್ ಇರುವ ಎರಡು ತೂತುಗಳಿವೆಯೇ? ಹಾಗೂ ಬಿಚ್ಚಿದ ಕ್ಯಾಲಿಪರನ್ನು ಎಲ್ಲಿ ಇಟ್ಟಿದ್ದೀರಿ?

ಪ್ರಶ್ನಿಸಿದವರ ಮರುಮಾತು (ಸೋಮವಾರ ಸಂಜೆ)

ಸರ್, ನೀವು ಹೇಳಿದಂತೆ ಉಜ್ಜಿದೆ. ಎರಡು ಸ್ಟಡ್‌ಗಳ ನಡುವೆ ತುಕ್ಕಿನಿಂದ ಮುಚ್ಚಿ ಸಮತಟ್ಟಾಗಿದ್ದ ಜಾಗದಲ್ಲಿ, ಹತ್ತು ಪೈಸೆ ನಾಣ್ಯಕ್ಕಿಂತ ಚಿಕ್ಕದಾದ ಒಂದು ದುಂಡು ಗೆರೆ ಕಾಣಿಸಿತು. ಮೊಳೆಯ ತುದಿಯಿಂದ ಕೆದಕಿದಾಗ ಸ್ಟಾರ್ ತಲೆಯ ಸ್ಕ್ರೂ ಎಂದು ಗೊತ್ತಾಯಿತು. ಎರಡು ದಿನ ನಾನು ಸುತ್ತಿಗೆಯಿಂದ ಹೊಡೆದದ್ದು ಸ್ಕ್ರೂ ಹಾಕಿದ ಡಿಸ್ಕಿಗೆ! ಬಲಗಡೆ ಆ ತೂತು ಖಾಲಿಯಿತ್ತು. ಹಿಂದೆ ಯಾರೋ ಸ್ಕ್ರೂ ತೆಗೆದು ಮತ್ತೆ ಹಾಕಿರಲಿಲ್ಲವೆಂದು ತೋರುತ್ತದೆ. ಥ್ರೆಡ್ ಇರುವ ತೂತುಗಳೂ ಎದುರುಬದುರಾಗಿ ಎರಡಿವೆ. ಕ್ಯಾಲಿಪರ್ ಸದ್ಯ ಅದರ ರಬ್ಬರ್ ಪೈಪಿನಲ್ಲೇ ನೇತಾಡುತ್ತಿದೆ. ಸ್ಕ್ರೂಡ್ರೈವರ್ ಹಾಕಿ ತಿರುಗಿಸಲು ನೋಡಿದೆ, ತಲೆಯ ಗೀರು ಸವೆಯತೊಡಗಿದೆ.

ಉತ್ತರ (ಪೀಣ್ಯದಿಂದ)

ಮೊದಲ ಕೆಲಸವಾಗಿ ಕ್ಯಾಲಿಪರನ್ನು ಒಂದು ತಂತಿಯಿಂದ ಸಸ್ಪೆನ್ಷನ್‌ಗೆ ಕಟ್ಟಿ. ಅದರ ಭಾರವೆಲ್ಲ ಪೈಪಿನ ಮೇಲೆ ಬಿದ್ದರೆ ಪೈಪ್ ಒಳಗೊಳಗೇ ಬಿರಿಯಬಹುದು, ಹೊರಗೆ ಏನೂ ಕಾಣುವುದಿಲ್ಲ. ಗಾಡಿ ಬರೀ ಜಾಕಿಯ ಮೇಲೆ ನಿಂತಿದ್ದರೆ ಸ್ಟಾಂಡ್ ಕೊಟ್ಟು, ಹಿಂಚಕ್ರಗಳಿಗೆ ಕಲ್ಲು ಒಡ್ಡಿ. ಇನ್ನು ಮುಂದೆ ನೀವು ಗಾಡಿಯನ್ನು ಜೋರಾಗಿ ಎಳೆಯುವ, ತಳ್ಳುವ ಹಂತ ಬರುತ್ತದೆ.

ಸ್ಕ್ರೂಗೆ ಸಾಮಾನ್ಯ ಸ್ಕ್ರೂಡ್ರೈವರ್ ಸಾಲದು. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ತುದಿ ತಾನಾಗಿ ಚೂರು ತಿರುಗುವ ಇಂಪ್ಯಾಕ್ಟ್ ಡ್ರೈವರ್ ಎಸ್.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಅದು ಸ್ಕ್ರೂವನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸುವುದರಿಂದ ಗೀರು ಜಾರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಡ್ರಿಲ್ಲಿನಿಂದ ತಲೆಯನ್ನು ಕೊರೆದು ಹಾಕಿ. ಡಿಸ್ಕ್ ಬಂದ ಮೇಲೆ ಉಳಿದ ತುಂಡನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಬಹುದು. ಆ ಸ್ಕ್ರೂ ಇರುವುದು ಜೋಡಿಸುವಾಗ ಡಿಸ್ಕ್ ಅತ್ತಿತ್ತ ಜಾರದಿರಲೆಂದು ಮಾತ್ರ, ಬ್ರೇಕಿನ ಬಲವನ್ನು ಅದು ಹೊರುವುದಿಲ್ಲ.

ಸ್ಕ್ರೂ ಹೋದರೂ ಡಿಸ್ಕ್ ತಕ್ಷಣ ಬರುತ್ತದೆಂದು ಭಾವಿಸಬೇಡಿ. ಹಬ್‌ನ ನಡುವಿನ ದುಂಡನೆಯ ಏರು ಭಾಗ ಡಿಸ್ಕಿನ ನಡುತೂತಿನೊಳಗೆ ಬಹಳ ಕಡಿಮೆ ಸಂದಿಯಲ್ಲಿ ಕೂತಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತುವಾದ್ದರಿಂದ, ಆ ಸಂದಿಯಲ್ಲಿ ಹುಟ್ಟಿದ ತುಕ್ಕು ಬೆಣೆ ಹೊಡೆದಂತೆ ಎರಡನ್ನೂ ಬಿಗಿಯುತ್ತದೆ. ಮೀನಿನ ಪೆಟ್ಟಿಗೆಗಳಿಂದ ವರ್ಷಗಟ್ಟಲೆ ಸೋರಿದ ಉಪ್ಪುನೀರು ಅಲ್ಲಿ ಏನು ಮಾಡಿರಬಹುದೆಂದು ಬೇರೆ ಹೇಳಬೇಕಿಲ್ಲ. ನೀವು ಸಿಂಪಡಿಸಿದ ಎಣ್ಣೆ ಸ್ಟಡ್‌ಗಳ ಬುಡಕ್ಕೆ ಹೋಗಿದೆ. ಅದು ಹೋಗಬೇಕಾದದ್ದು ಈ ನಡುವಿನ ಉಂಗುರದ ಸುತ್ತ. ರಾತ್ರಿ ಅಲ್ಲಿ ಸಿಂಪಡಿಸಿ ಬಿಟ್ಟುಬಿಡಿ.

ಬೆಳಿಗ್ಗೆ ಆ ಥ್ರೆಡ್ ತೂತುಗಳನ್ನು ಬಳಸಿ. ಅವು ಇರುವುದೇ ಇದಕ್ಕಾಗಿ. ಹೆಚ್ಚಿನ ಡಿಸ್ಕ್‌ಗಳಲ್ಲಿ ಅವು ಎಂ8, 1.25 ಪಿಚ್ (8 ಮಿ.ಮೀ. ಬೋಲ್ಟಿನ, 1.25 ಮಿ.ಮೀ. ಅಂತರದ ಥ್ರೆಡ್) ಆಗಿರುತ್ತವೆ, ಆದರೂ ಹೊಸ ಡಿಸ್ಕಿನ ತೂತಿಗೆ ಬೋಲ್ಟು ಹಾಕಿ ಪರೀಕ್ಷಿಸಿಕೊಳ್ಳಿ. ಹಳೆಯ ತೂತುಗಳಲ್ಲಿ ಥ್ರೆಡ್ ಕೊರೆಯುವ ಟ್ಯಾಪ್ ಓಡಿಸಿ ತುಕ್ಕು ತೆಗೆಯದೆ ಬೋಲ್ಟು ತೂರಿಸಬೇಡಿ, ಎರಕದ ಕಬ್ಬಿಣದ ಥ್ರೆಡ್ ಸುಲಭವಾಗಿ ಪುಡಿಯಾಗುತ್ತದೆ. ಪೂರ್ತಿ ಥ್ರೆಡ್ ಇರುವ 8.8 ದರ್ಜೆಯ ಎರಡು ಬೋಲ್ಟುಗಳಿಗೆ ಗ್ರೀಸು ಸವರಿ, ತುದಿಗಳು ಹಬ್‌ನ ಮುಖಕ್ಕೆ ತಾಗುವವರೆಗೂ ಕೈಯಲ್ಲೇ ತಿರುಗಿಸಿ. ಆಮೇಲೆ ಪಾನಾದಿಂದ ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು, ಹೀಗೆ ಸರದಿಯಂತೆ ಬಿಗಿಯಿರಿ. ಒಂದನ್ನೇ ಎಳೆದರೆ ಡಿಸ್ಕ್ ಓರೆಯಾಗಿ ಇನ್ನಷ್ಟು ಕಚ್ಚುತ್ತದೆ. ಬಿಗಿತ ಗಟ್ಟಿಯಾದಾಗ ನಿಲ್ಲಿಸಿ, ಸ್ಟಡ್‌ಗಳ ನಡುವೆ ಟೋಪಿಯ ಮುಖಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಈಗ ಬೇಕಾಗಿರುವುದು ಏಟಿನ ಜೋರಲ್ಲ, ನಡುಕ. ಎರಡು ವೀಲ್ ನಟ್ಟುಗಳನ್ನು ನಾಲ್ಕೈದು ಸುತ್ತು ಹಾಕಿಯೇ ಇರಿ, ಇಲ್ಲದಿದ್ದರೆ ಡಿಸ್ಕ್ ತಟ್ಟನೆ ಕಳಚಿ ಕಾಲಿನ ಮೇಲೆ ಬೀಳುತ್ತದೆ. ಕನ್ನಡಕ ಮರೆಯಬೇಡಿ.

ಟಾರ್ಚಿನ ಮಾತು. ಅದು ತಪ್ಪು ವಿಧಾನವಲ್ಲ, ಆದರೆ ಕೊನೆಯದು. 100 ಮಿ.ಮೀ. ತೂತಿನ ಎರಕದ ಕಬ್ಬಿಣ 100 ಡಿಗ್ರಿ ಬಿಸಿಯೇರಿದರೆ ತೂತು ಹಿಗ್ಗುವುದು ಸುಮಾರು 0.1 ಮಿ.ಮೀ. ಮಾತ್ರ. ಅಷ್ಟು ಸಾಕಾದರೂ, ಬಿಸಿ ಹಬ್‌ಗೆ ದಾಟುವ ಮೊದಲೇ ಡಿಸ್ಕನ್ನು ಎಳೆಯಬೇಕು. ದಾಟಿದರೆ ಎರಡೂ ಹಿಗ್ಗುತ್ತವೆ, ಬೇರಿಂಗ್‌ನ ಗ್ರೀಸು, ಸೀಲು, ಎಬಿಎಸ್ ಸೆನ್ಸರ್ ಹಾಳಾಗುವುದು ಬೇರೆ. ಎರಡು ದಿನ ಎಣ್ಣೆ ಕುಡಿದ ಜಾಗಕ್ಕೆ ಬೆಂಕಿ ಹಿಡಿಯುವುದೂ ಸರಿಯಲ್ಲ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಿಸಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು, ಆದ್ದರಿಂದ ಅದನ್ನು ಬಳಸಿ ತೊಳೆದು ಕಾಯಿಸುವ ಯೋಚನೆಯನ್ನೂ ಬಿಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಬಲಗಡೆಯ ಹೊಸ ಡಿಸ್ಕನ್ನು ಅರ್ಧ ಗಂಟೆಯಲ್ಲಿ ಕೂರಿಸಿದೆನೆಂದು ಬರೆದಿದ್ದೀರಿ. ಹಬ್‌ನ ಮುಖವನ್ನು ಉಜ್ಜಿದಿರಾ? ಅಲ್ಲಿ ಒಂದು ಕಡೆ 0.05 ಮಿ.ಮೀ. ತುಕ್ಕಿನ ಚಕ್ಕೆ ಉಳಿದರೂ ಅದರ ಓರೆ ಡಿಸ್ಕಿನ ಅಂಚಿಗೆ ಹೋಗುವಾಗ ಸರಿಸುಮಾರು ಇಮ್ಮಡಿಯಾಗುತ್ತದೆ. ಓರೆಯಾದ ಡಿಸ್ಕ್ ಪ್ರತಿ ಸುತ್ತಿಗೂ ಪ್ಯಾಡಿಗೆ ಒಂದೇ ಜಾಗದಲ್ಲಿ ಸವರುತ್ತಾ, ಕೆಲವು ಸಾವಿರ ಕಿಲೋಮೀಟರ್‌ಗಳಲ್ಲಿ ಅಲ್ಲಿ ಮಾತ್ರ ತೆಳುವಾಗುತ್ತದೆ, ಸ್ಟೇರಿಂಗ್ ಮತ್ತೆ ನಡುಗುತ್ತದೆ. ಹಳೆಯ ಡಿಸ್ಕ್ ನಡುಗಿದ್ದೂ ಇದೇ ಕಾರಣಕ್ಕಿರಬಹುದು. ಬಲಗಡೆಯದನ್ನು ಬಿಚ್ಚಿ ನೋಡಿ.

ಪ್ರಶ್ನಿಸಿದವರ ಮರುಮಾತು (ಬುಧವಾರ ರಾತ್ರಿ)

ಡಿಸ್ಕ್ ಬಂದಿತು ಸರ್. ಇಂಪ್ಯಾಕ್ಟ್ ಡ್ರೈವರಿನ ನಾಲ್ಕನೆಯ ಏಟಿಗೆ ಸ್ಕ್ರೂ ಬಿಟ್ಟಿತು. ಬೋಲ್ಟುಗಳನ್ನು ಸರದಿಯಂತೆ ಬಿಗಿಯುತ್ತಾ ಹೋದಾಗ ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಎಲ್ಲಿ ಬೋಲ್ಟೇ ಮುರಿಯುತ್ತದೋ ಎಂದು ನಿಲ್ಲಿಸಿ, ನೀವು ಹೇಳಿದಂತೆ ಸುಮ್ಮನೆ ತಟ್ಟಿ, ಕಾಫಿ ಕುಡಿಯಲು ಒಳಗೆ ಹೋದೆ. ಲೋಟ ಇನ್ನೂ ಕೈಯಲ್ಲಿರುವಾಗಲೇ ಹೊರಗೆ ಪಟಾಕಿ ಸಿಡಿದಂತೆ ‘ಟಪ್’ ಎಂದು ಕೇಳಿಸಿತು. ಬಂದು ನೋಡಿದರೆ ಡಿಸ್ಕ್ ಎರಡು ನಟ್ಟುಗಳ ಮೇಲೆ ಒರಗಿಕೊಂಡಿತ್ತು.

ಬಲಗಡೆಯ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿತ್ತು; ನಾನು ಅಲ್ಲಿ ಬಟ್ಟೆಯಲ್ಲಿ ಒರೆಸಿದ್ದೆನೇ ಹೊರತು ಉಜ್ಜಿರಲಿಲ್ಲ. ಪರಿಚಯದ ಲೇತ್ ಅಂಗಡಿಯಿಂದ ಕೂದಲೆಳೆಯಷ್ಟು ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಎರವಲು ತಂದು, ಎಲ್ಲ ನಟ್ಟುಗಳನ್ನೂ ಬಿಗಿದು ಡಿಸ್ಕ್ ತಿರುಗಿಸಿದಾಗ ಮುಳ್ಳು 0.14 ಮಿ.ಮೀ. ಅಲ್ಲಾಡಿತು. ಬಿಚ್ಚಿ, ಸ್ಟಡ್‌ಗಳ ಸುತ್ತಲೂ ಬಿಡದೆ ವೈರ್ ಬ್ರಷ್ ಮತ್ತು ಎಮರಿ ಕಾಗದದಿಂದ ಉಜ್ಜಿ ಮತ್ತೆ ಕೂರಿಸಿದ ಮೇಲೆ ಅದೇ ಮುಳ್ಳು 0.04ಕ್ಕೆ ಇಳಿಯಿತು. ಎಡಗಡೆ 0.05 ಬಂದಿದೆ. ಇದು ಸಾಕೇ?

ಉತ್ತರ (ಪೀಣ್ಯದಿಂದ)

ಧಾರಾಳವಾಗಿ ಸಾಕು. ನಡುವಿನ ಉಂಗುರಕ್ಕೆ ಮಾತ್ರ, ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟನ್ನು ತೆಳುವಾಗಿ ಸವರಿ. ಸ್ಟಡ್‌ಗಳಿಗೂ ಪ್ಯಾಡ್ ಉಜ್ಜುವ ಮುಖಕ್ಕೂ ತಾಗಬಾರದು. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಿರಲೆಂದು ಸವರಿರುವ ಎಣ್ಣೆಯನ್ನು ಪೂರ್ತಿ ತೊಳೆದಿದ್ದೀರಿ ತಾನೇ? ವೀಲ್ ನಟ್ಟುಗಳನ್ನು ಎದುರುಬದುರಾಗಿ, ಮ್ಯಾನುಯಲ್‌ನಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಗಾಡಿ ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೂ ನಾಲ್ಕಾರು ಸಲ ಒತ್ತಿ, ಮೊದಲ ದಿನ ಜೋರಾಗಿ ಬ್ರೇಕ್ ಹಿಡಿಯಬೇಡಿ. ತೆಗೆದ ಸ್ಕ್ರೂ ಸವೆದಿದ್ದರೆ ಹೊಸದನ್ನೇ ಹಾಕಿ. ಬಿಗಿದ ಮೇಲೆ ಅದರ ತಲೆಯ ಗೀರಿನೊಳಗೆ ಚಿಟಿಕೆಯಷ್ಟು ಗ್ರೀಸು ತುಂಬಿ, ಮುಂದಿನ ಸಲ ಬಿಚ್ಚುವವರ ಕಣ್ಣಿಗೆ ಅದು ಸ್ಕ್ರೂ ಎಂದು ಕಾಣಲಿ.