ಪಾಲಿಹೌಸ್ ದೊಣ್ಣೆ ಮೆಣಸಿನಕಾಯಿಯಲ್ಲಿ ಕುಡಿ ಮುದುಡುವಿಕೆ: ನುಸಿಯ ಗುರುತು ಮತ್ತು ಹತೋಟಿ

ಪ್ರಶ್ನೆ: ನಮಸ್ಕಾರ ಸರ್. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅರ್ಧ ಎಕರೆ ಪಾಲಿಹೌಸ್‌ನಲ್ಲಿ ದೊಣ್ಣೆ ಮೆಣಸಿನಕಾಯಿ ಬೆಳೆದಿದ್ದೇನೆ. ಹೂ ಬಿಡುವ ಹಂತದಲ್ಲಿ ಕುಡಿ ಎಲೆಗಳು ಕಿರಿದಾಗಿ, ಗಡುಸಾಗಿ, ಅಂಚು ಕೆಳಕ್ಕೆ ಮಡಿಚಿಕೊಂಡು ಮುದುಡುತ್ತಿವೆ. ಹೂ ಉದುರುತ್ತಿದೆ, ಕೆಲವು ಎಳೆಗಾಯಿಗಳ ಮೇಲೆ ಕಂದು ಬಣ್ಣದ ಒರಟು ಪದರ ಬಂದಿದೆ. ಅಂಗಡಿಯವರು ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ) ಎಂದು ಹೇಳಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರು. ಹೊಡೆದ ಮೇಲೂ ಮುದುಡುವುದು ಹೆಚ್ಚುತ್ತಲೇ ಇದೆ. ಪಕ್ಕದ ತೋಟದವರು ಇದು ವೈರಸ್, ಗಿಡ ಕಿತ್ತುಹಾಕಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಗಿಡ ಕೀಳಬೇಡಿ. ನೀವು ಬರೆದಿರುವ ಲಕ್ಷಣಗಳು ಹಳದಿ ನುಸಿಯದ್ದೇ ಇರುವಂತಿವೆ. ಆದರೂ ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳದೆ ಮುಂದಿನ ಔಷಧಿ ತರಬಾರದು, ಏಕೆಂದರೆ ಈ ಬೆಳೆಯಲ್ಲಿ ಹಣ ಮತ್ತು ಇಳುವರಿ ಎರಡೂ ಹಾಳಾಗುವುದು ಹೆಚ್ಚಾಗಿ ತಪ್ಪು ಗುರುತಿನಿಂದಲೇ.

ಮೊದಲು ಎಲೆ ಮುದುಡಿರುವ ದಿಕ್ಕನ್ನು ನೋಡಿ. ಥ್ರಿಪ್ಸ್ ಬಿದ್ದರೆ ಎಲೆಯ ಅಂಚು ಮೇಲಕ್ಕೆ ಮಡಿಚಿ ದೋಣಿಯಂತಾಗುತ್ತದೆ; ಹಳದಿ ನುಸಿಯಾದರೆ ಅಂಚು ಕೆಳಕ್ಕೆ ಬಾಗುತ್ತದೆ, ತೊಟ್ಟು ಉದ್ದವಾಗುತ್ತದೆ, ಎಳೆ ಎಲೆಯ ತಳಭಾಗ ಕಂಚಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ವೈರಸ್ ಇದ್ದಲ್ಲಿ ಸಾಮಾನ್ಯವಾಗಿ ಎಲೆಯಲ್ಲಿ ಹಳದಿ-ಹಸಿರು ಮಚ್ಚೆ ಅಥವಾ ನರಗಳ ಬಣ್ಣಗೆಡುವಿಕೆ ಕಾಣುತ್ತದೆ. ಹತ್ತಿರದ ಹೊಲದಲ್ಲಿ 2,4-ಡಿ ಕಳೆನಾಶಕ ಹೊಡೆದಿದ್ದರೆ ಅದರ ಗಾಳಿ ತಾಗಿಯೂ ಎಲೆ ಪಟ್ಟಿಯಂತೆ ಕಿರಿದಾಗುವುದುಂಟು, ಅದನ್ನೂ ವಿಚಾರಿಸಿ.

ಆಮೇಲೆ ಲೆನ್ಸ್ ಹಿಡಿಯಿರಿ. ಹಳದಿ ನುಸಿ ಸುಮಾರು 0.2 ಮಿಲಿಮೀಟರ್ ಉದ್ದವಿರುವುದರಿಂದ ಬರಿಗಣ್ಣಿಗೆ ಸಿಗದು, ಕನಿಷ್ಠ 20 ಪಟ್ಟು ಹಿಗ್ಗಿಸುವ ಲೆನ್ಸ್ ಬೇಕು. ಪೂರ್ತಿ ಸುಟ್ಟುಹೋದ ಕುಡಿಯಲ್ಲಿ ಹುಡುಕಬೇಡಿ, ಅಲ್ಲಿಂದ ಅವು ಆಗಲೇ ಜಾಗ ಬಿಟ್ಟಿರುತ್ತವೆ. ಈಗಷ್ಟೇ ಮುದುಡಲು ಶುರುವಾದ ಎಲೆಯನ್ನು ತಿರುವಿ ನಡುನರದ ಬದಿಯಲ್ಲಿ ನೋಡಿದರೆ, ತಿಳಿ ಹಳದಿ ಬಣ್ಣದ, ಹೊಳೆಯುವ, ಅಂಡಾಕಾರದ ಚುಕ್ಕೆಗಳು ಚುರುಕಾಗಿ ಓಡಾಡುವುದು ಕಾಣುತ್ತದೆ. ಅದಕ್ಕಿಂತ ನಂಬಿಕೆಯ ಗುರುತು ಮೊಟ್ಟೆಯದು: ಪಾರದರ್ಶಕ ಮೊಟ್ಟೆಯ ಮೇಲೆ ಸಾಲಾಗಿ ಬಿಳಿ ಬೊಟ್ಟುಗಳಿರುತ್ತವೆ, ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ.

ಇಮಿಡಾಕ್ಲೋಪ್ರಿಡ್ ಕೆಲಸ ಮಾಡದಿರುವುದಕ್ಕೆ ಕಾರಣ ಸರಳ. ನುಸಿ ಕೀಟವಲ್ಲ, ಎಂಟು ಕಾಲಿನ, ಜೇಡದ ವರ್ಗಕ್ಕೆ ಸೇರಿದ ಜೀವಿ. ಆ ಔಷಧಿ ನುಸಿಯನ್ನು ಕೊಲ್ಲುವುದಿಲ್ಲ, ಬದಲಿಗೆ ನುಸಿಯನ್ನು ತಿನ್ನುವ ಮಿತ್ರಜೀವಿಗಳಿಗೆ ಪೆಟ್ಟು ಕೊಡುತ್ತದೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಕೀಟನಾಶಕ‌ಗಳದ್ದೂ ಇದೇ ಕಥೆ.

ಪ್ರಶ್ನೆ: ಧನ್ಯವಾದಗಳು ಸರ್. ಲೆನ್ಸ್‌ನಲ್ಲಿ ಬೊಟ್ಟುಗಳಿರುವ ಮೊಟ್ಟೆ ಸ್ಪಷ್ಟವಾಗಿ ಕಂಡಿತು. ಬಾಗಿಲ ಬಳಿಯ ಸಾಲುಗಳಲ್ಲಿ ಹೆಚ್ಚು, ಒಳಗಡೆ ಅಲ್ಲಲ್ಲಿ ಇದೆ. ಈಗ ಯಾವ ಔಷಧಿ ಹೊಡೆಯಬೇಕು? ಕಾಯಿ ಕೊಯ್ಲು ಹತ್ತಿರದಲ್ಲಿದೆ.

ಉತ್ತರ: ಒಳ್ಳೆಯದಾಯಿತು, ಇನ್ನು ಕೆಲಸ ಸುಲಭ. ಹೆಚ್ಚು ಹಾಳಾದ ಕುಡಿಗಳನ್ನು ಚಿವುಟಿ, ಸ್ಥಳದಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಹೊರಗೆ ಸಾಗಿಸಿ. ಬುಟ್ಟಿಯಲ್ಲಿಟ್ಟುಕೊಂಡು ಸಾಲಿನಿಂದ ಸಾಲಿಗೆ ಓಡಾಡಿದರೆ ನೀವೇ ನುಸಿ ಹಂಚಿದಂತಾಗುತ್ತದೆ. ಕೆಲಸದವರು ಆರೋಗ್ಯವಾಗಿರುವ ಸಾಲುಗಳನ್ನು ಮೊದಲು ಮುಗಿಸಿ, ನುಸಿಯಿರುವ ಸಾಲಿಗೆ ಕೊನೆಯಲ್ಲಿ ಹೋಗಲಿ.

ಮೆಣಸಿನಕಾಯಿಯ ಹಳದಿ ನುಸಿಗೆಂದು ನಮ್ಮ ದೇಶದಲ್ಲಿ ನೋಂದಣಿಯಾದ ನುಸಿನಾಶಕಗಳಲ್ಲಿ ಫೆನ್‌ಪೈರಾಕ್ಸಿಮೇಟ್ ಮತ್ತು ಸ್ಪೈರೋಮೆಸಿಫೆನ್ ಸೇರಿವೆ. ಮೊದಲನೆಯದು ಓಡಾಡುವ ನುಸಿಗಳನ್ನು ಬೇಗ ಹಿಡಿಯುತ್ತದೆ, ಎರಡನೆಯದು ಮೊಟ್ಟೆ ಮತ್ತು ಮರಿಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ಪ್ರೌಢ ನುಸಿಯಾಗಲು ಒಂದು ವಾರವೂ ಬೇಡವಾದ್ದರಿಂದ, ಮೊದಲನೆಯದನ್ನು ಹೊಡೆದ ಒಂದು ವಾರದೊಳಗೆ ಮತ್ತೆ ಲೆನ್ಸ್ ಹಿಡಿದು, ಜೀವಂತ ನುಸಿ ಉಳಿದಿದ್ದರೆ ಎರಡನೆಯದನ್ನು ಹೊಡೆಯಿರಿ. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಬಳಸಿದರೆ ನುಸಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಅಳತೆ, ಯಾವ ಬೆಳೆಗೆ ಬಳಸಬಹುದು, ಸಿಂಪಡಣೆಯಾಗಿ ಎಷ್ಟು ದಿನದ ನಂತರ ಕೊಯ್ಯಬೇಕು ಎಂಬ ಮೂರನ್ನೂ ಲೇಬಲ್‌ನಲ್ಲಿ ಓದಿಯೇ ಬಾಟಲಿ ತೆರೆಯಿರಿ. ಮಾಗಿದ ಕಾಯಿಗಳನ್ನು ಮೊದಲೇ ಕೊಯ್ದುಕೊಳ್ಳಿ. ಹಳೆಯ ದಾಸ್ತಾನಿನ ಡೈಕೋಫಾಲ್ ಎಂಬ ನುಸಿನಾಶಕವನ್ನು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ಅದು 2023ರಲ್ಲಿ ನಿಷೇಧವಾಗಿದೆ.

ನಾಜಲ್ ಕೆಳಗಿನಿಂದ ಮೇಲಕ್ಕೆ ತಿರುಗಿರಬೇಕು. ಎಲೆಯ ಮೇಲ್ಭಾಗದಲ್ಲಿ ಬಿದ್ದ ಔಷಧಿ ತಳಭಾಗದ ಮಡಿಕೆಯಲ್ಲಿ ಕುಳಿತ ನುಸಿಯನ್ನು ಮುಟ್ಟುವುದೇ ಕಷ್ಟ. ಮೊದಲೇ ಮುದುಡಿದ ಎಲೆ ಮತ್ತೆ ಅಗಲವಾಗುವುದಿಲ್ಲ. ಆದ್ದರಿಂದ ಹಳೆಯ ಎಲೆ ನೋಡಿ ಔಷಧಿ ಹತ್ತಲಿಲ್ಲವೆಂದು ಗಾಬರಿಯಾಗಬೇಡಿ, ಹೊಸ ಕುಡಿ ಸಪಾಟಾಗಿ ಬರುತ್ತಿದೆಯೇ ಎಂದು ಗಮನಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮಲ್ಲಿ ಕೆಳಗಿನ ಹಳೆ ಎಲೆಗಳ ಮೇಲೆ ಸಣ್ಣ ಬಿಳಿ ಚುಕ್ಕೆ, ತಳದಲ್ಲಿ ನವಿರಾದ ಬಲೆ ಇದೆ. ಗಂಧಕ ಹೊಡೆಯಬಹುದೇ? ಫಾಗರ್ (ಮಂಜಿನಂತೆ ನೀರು ಸಿಂಪಡಿಸುವ ಸಾಧನ) ಹಾಕಿದರೆ ಕಡಿಮೆಯಾಗುವುದೇ?

ಉತ್ತರ: ನಿಮ್ಮದು ಬೇರೆ ನುಸಿ, ಬಲೆ ಕಟ್ಟುವ ಜೇಡ ನುಸಿ. ಅದಕ್ಕೆ ಬಿಸಿಲು ಮತ್ತು ಒಣ ಗಾಳಿ ಹಿತ, ಹಾಗಾಗಿ ಫಾಗರ್‌ನಿಂದ ಅದರ ವೇಗ ತಗ್ಗಬಹುದು. ಆದರೆ ಮೇಲೆ ಕೇಳಿದ ರೈತರು ಈ ಸಲಹೆಯನ್ನು ಅನುಸರಿಸಬಾರದು, ಏಕೆಂದರೆ ಹಳದಿ ನುಸಿಗೆ ತೇವ ಮತ್ತು ನೆರಳೇ ಇಷ್ಟ. ನೀರಿನಲ್ಲಿ ಕರಗುವ ಗಂಧಕವನ್ನು ತಂಪು ಹೊತ್ತಿನಲ್ಲಿ ಹೊಡೆಯಬಹುದು. ಪಾಲಿಹೌಸ್ ಒಳಗೆ 32 ಡಿಗ್ರಿ ದಾಟಿದಾಗ ಹೊಡೆದರೆ ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದಿದ್ದರೆ ಕನಿಷ್ಠ ಎರಡು ವಾರ ಅಂತರ ಕೊಡಿ.

ಮೊದಲು ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಹಳದಿ ನುಸಿ ಬಿಳಿನೊಣದ ಕಾಲಿಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ. ನಿಮ್ಮಲ್ಲಿ ಬಾಗಿಲ ಬಳಿ ಹೆಚ್ಚಿರುವುದರಿಂದ ಅಲ್ಲಿನ ಕೀಟಪರದೆ ಹರಿದಿದೆಯೇ ನೋಡಿ, ಎರಡು ಬಾಗಿಲುಗಳ ನಡುವಿನ ಜಾಗದಲ್ಲಿ ಹಳದಿ ಅಂಟುಪಟ್ಟಿ ಕಟ್ಟಿ. ಆ ನಂತರವೂ ಸಂದೇಹ ಉಳಿದರೆ ಎಳೆ ಕುಡಿಗಳನ್ನು ನೀರು ಚಿಮುಕಿಸದೆ ಚೀಲದಲ್ಲಿ ಹಾಕಿಕೊಂಡು, ಅದೇ ದಿನ ನಿಮ್ಮ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನುಸಿ ಸಂಶೋಧನಾ ವಿಭಾಗಕ್ಕೆ ತಲುಪಿಸಿ.