ಸಹಾಯ ಬೇಕು: ಕಲಬುರಗಿಯಲ್ಲಿ ಮೇಯ್ದ ಕುರಿಯ ನಲ್ಲಿ ಎಲ್ಲಿ ಸಿಗುತ್ತದೆ?

ಅಣ್ಣಂದಿರೇ, ಅಕ್ಕಂದಿರೇ, ಹೊಲದಲ್ಲಿ ಮೇಯ್ದ ಕುರಿಯ ನಲ್ಲಿ ಬೇಕು. ನೀರಿನ ನಲ್ಲಿ ಅಲ್ಲ, ನಗಬೇಡಿ! ಪಾಯಾದ ಕಾಲೂ ಅಲ್ಲ, ಅದರ ಮೇಲಿನ ಮಾಂಸ ಇರುವ ಭಾಗ. ಇಡೀ ತುಂಡು, 4 ಸಾಕು. ಅಂಗಡಿಯವರು ನಾನು ಬಾಯಿ ತೆರೆಯುವಷ್ಟರಲ್ಲೇ ಕತ್ತಿ ಹಾಕಿ ಮೂರು ಮಾಡಿಬಿಡುತ್ತಾರೆ.

ಹೋದ ಭಾನುವಾರ ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ 2 ಗಂಟೆ ಬೇಯಿಸಿದೆ. ಮಾಂಸ ಎಲುಬು ಬಿಡಲೇ ಇಲ್ಲ, ಸುಮ್ನೆ ರಬ್ಬರ್. ಅಡ್ಡಾಡಿ ಮೇಯ್ದ ಕುರಿಗೆ ಕೊಬ್ಬು ಕಡಿಮೆ, ನರ ಗಟ್ಟಿ, ಕರಗಲು ಹೊತ್ತು ಜಾಸ್ತಿ ಬೇಕು ಅಲ್ವಾ? ಮೂರೂವರೆ ಗಂಟೆ ಸಾಕಾ? ಉಪ್ಪು ಮೊದಲೇ ಹಾಕಲಾ?

ಕುಕ್ಕರ್ ಸಲಹೆ ಮಾತ್ರ ಬೇಡ. ಜೋಳದ ರೊಟ್ಟಿ ಮೇಲೆ ಎಲುಬು ತಟ್ಟಿ ಮಜ್ಜೆ ಬೀಳಿಸಿಕೊಳ್ಳದಿದ್ದರೆ ನಮ್ಮಪ್ಪನಿಗೆ ಅದು ಊಟವೇ ಅಲ್ಲ.