ಅಪ್‌ಡೇಟ್: ಏರ್‌ಬ್ಯಾಗ್ ರೀಕಾಲ್ ಕೆಲಸ ಮುಗಿಯಿತು (ಮುಲುಂಡ್, ಮುಂಬೈ)

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 2011ರ ಕಾರಿಗೆ ಟಕಾಟಾ (ಜಪಾನಿನ ಏರ್‌ಬ್ಯಾಗ್ ಕಂಪನಿ) ಏರ್‌ಬ್ಯಾಗ್ ರೀಕಾಲ್, ಅಂದರೆ ದೋಷದ ಭಾಗವನ್ನು ಕಾರು ಕಂಪನಿಯೇ ಕರೆದು ಬದಲಿಸಿಕೊಡೋದು, ಬಾಕಿ ಇದೆಯಾ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಇತ್ತು. ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿಸ್ ನಂಬರನ್ನು ಕಾರು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದಾಗ ಡ್ರೈವರ್ ಕಡೆಯದು ಮುಗಿದಿದೆ, ಪಕ್ಕದ ಸೀಟಿನದು ಬಾಕಿ ಎಂದು ಬಂತು. ಎರಡಕ್ಕೂ ಬೇರೆ ಬೇರೆ ರೀಕಾಲ್. ಒಂದು ಆಗಿದೆ ಅಂತ ಸುಮ್ಮನಿರಬೇಡಿ. ಪತ್ರ ಹೋಗೋದು ಹಳೇ ಮಾಲೀಕರ ವಿಳಾಸಕ್ಕೆ, ಹಾಗಾಗಿ ನೀವೇ ನೋಡಬೇಕು.

ದೋಷ ಇರೋದು ಚೀಲದಲ್ಲಲ್ಲ, ಅದನ್ನು ಉಬ್ಬಿಸುವ ಇನ್‌ಫ್ಲೇಟರ್‌ನಲ್ಲಿ. ಒಳಗಿನ ಅಮೋನಿಯಂ ನೈಟ್ರೇಟ್ ಬಿಲ್ಲೆಗಳು ವರ್ಷಗಟ್ಟಲೆ ಸೆಖೆ, ತೇವ ಕುಡಿದು ಹಾಳಾಗುತ್ತವೆ. ಅಪಘಾತವಾದಾಗ ಮಿತಿಮೀರಿದ ವೇಗದಲ್ಲಿ ಉರಿದು, ಲೋಹದ ಡಬ್ಬಿಯೇ ಸಿಡಿದು, ಚೂರುಗಳು ಮುಖ, ಕುತ್ತಿಗೆಗೆ ಬಡಿಯುತ್ತವೆ. ಮುಂಬೈ, ಗೋವಾದಂಥ ಕರಾವಳಿಯಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಇದನ್ನು ಮುಂದೂಡಲೇಬಾರದು.

ಕೆಲಸ ಪೂರ್ತಿ ಉಚಿತ, ವಾರಂಟಿ ಮುಗಿದಿದ್ದರೂ. ಪಾರ್ಟ್ ಬಂದಿದೆಯಾ ಅಂತ ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಖಚಿತಪಡಿಸಿಕೊಂಡು ಹೋಗಿ. ಬ್ಯಾಟರಿಯ ನೆಗೆಟಿವ್ ತೆಗೆದು, ಕೆಲವು ನಿಮಿಷ ಕಾದು, ಆಮೇಲೆಯೇ ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್ ಬಿಚ್ಚುತ್ತಾರೆ. ಉಳಿದ ಚಾರ್ಜ್ ಇಳಿಯಬೇಕಲ್ಲ. ದಯವಿಟ್ಟು ಬೀದಿ ಗ್ಯಾರೇಜಿನಲ್ಲಿ ಮುಟ್ಟಿಸಬೇಡಿ.

ಕೆಲಸ ಮುಗಿದು ಗಾಡಿ ವಾಪಸ್ ತಗೊಳ್ಳುವಾಗ ಇಗ್ನಿಷನ್ ಆನ್ ಮಾಡಿ ನೋಡಿ: ಡ್ಯಾಶ್‌ಬೋರ್ಡಿನ ಎಸ್‌ಆರ್‌ಎಸ್ (ಏರ್‌ಬ್ಯಾಗ್ ಎಚ್ಚರಿಕೆ) ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತದಿದ್ದರೂ ತಪ್ಪು, ಆರದಿದ್ದರೂ ತಪ್ಪು. ಜಾಬ್ ಕಾರ್ಡ್‌ನಲ್ಲಿ (ಮಾಡಿದ ಕೆಲಸ ಬರೆದುಕೊಡುವ ಚೀಟಿ) ಯಾವ ಕಡೆಯದು ಬದಲಾಯಿತು ಎಂದು ಬರೆಸಿಕೊಳ್ಳಿ.